ಒಂದೇ ಎಳೆತ

ಕುಂಬಾರಕೊಪ್ಪಲು, ಮೈಸೂರು
3 ಜೂನ್ 2024

ಬೀರಮ್ಮ,

ಹಾಗಾಗಿ ಆ ವಾಸನೆ ಅಡುಗೆಮನೆಯದಲ್ಲ, ನನ್ನದೇ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ನಿನ್ನೆ ಹಾಕಿದ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ, ಅದಕ್ಕೇ ಈ ಹಾಳೆ. ಅನು ಸಿಂಕಿನ ಕೊಳವೆ ಬಿಚ್ಚಿಸಿದಳು, ಫ್ರಿಜ್ಜಿನ ಹಿಂದೆ ಇಲಿ ಸತ್ತಿದೆಯೇನೋ ಅಂತ ಟಾರ್ಚು ಬಿಟ್ಟಳು. ಕೊನೆಗೆ ನಾನು ಸೋಫಾದಿಂದ ಎದ್ದು ರೂಮಿಗೆ ಹೋದೆ, ವಾಸನೆಯೂ ನನ್ನ ಹಿಂದೆಯೇ ಎದ್ದು ಬಂತು. ಮಗಳು ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ಫೋನಿನಲ್ಲಿ ನಿನಗೆ ಕಿವಿ ಕೇಳಿಸದೇ ಇರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇಂಥದ್ದನ್ನೆಲ್ಲ ಬಾಯಲ್ಲಿ ಹೇಳುವುದಕ್ಕಾಗುವುದಿಲ್ಲ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹೊಸ ಚಪ್ಪಲಿ ಕಚ್ಚಿತು, ಅಷ್ಟೇ. ಸಕ್ಕರೆ ಕಾಯಿಲೆಯವನಿಗೆ ಅಷ್ಟೇ ಅನ್ನುವುದು ಇಲ್ಲವಂತೆ. ಈಗ ಅಲ್ಲಿ ಎಂಟಾಣೆ ಅಗಲದ ಗುಂಡಿ. ಅಂಚು ಬೂದಿ ಬಣ್ಣ, ನಡುವೆ ಹಸಿರು, ಬೈಂಡಿಂಗ್ ಅಂಗಡಿಯಲ್ಲಿ ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದೆನಲ್ಲ, ಅದೇ ಹಸಿರು. ಕಾಲೇಜಿನಲ್ಲಿ ಲೋತ್ಸಮ್ ಅಂತ ಒಂದು ಪದ ಕಲಿಸಿದ್ದರು, ಹೇಸಿಗೆ ಹುಟ್ಟಿಸುವಂಥದ್ದು ಅಂತ. ಎರಡು ಸಲ ಬರೆದು ಪಾಸಾದ ಇಂಗ್ಲಿಷು ನನ್ನದು, ಅರ್ಥ ಆಗ ಆಗಿರಲಿಲ್ಲ. ಈಗ ಬೆಳಿಗ್ಗೆ ಸಂಜೆ ಆಗುತ್ತಿದೆ.

ಡಾಕ್ಟರು ಪವಮಾನ ಅಂತ. ಮಾತು ಕಮ್ಮಿ. "ಎಂಟು ವಾರ ಸರಿಯಾಗಿ ಡ್ರೆಸ್ಸಿಂಗ್ ಆದ್ರೆ ಕಾಲು ನಿಮ್ದು, ಇಲ್ದಿದ್ರೆ ಪಾದ ನಮ್ದು" ಅಂದರು. ದಿನ ಬಿಟ್ಟು ದಿನ ಹನ್ನೊಂದು ಗಂಟೆಗೆ ವರ್ಷಿಣಿ ಅಂತ ಒಬ್ಬಳು ನರ್ಸು ಮನೆಗೇ ಬರುತ್ತಾಳೆ. ಗ್ಲೌಸು ಹಾಕಿಕೊಂಡು ಮೊದಲು ಕೇಳುವುದು ಇದು: "ಅಪ್ಪಾಜಿ, ನೋವು ಎಷ್ಟದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಹೇಳ್ಬುಡಿ." ನೋವಿಗೆ ಮಾರ್ಕು ಕೊಡುವ ಕಾಲ ಬಂತು ನೋಡು. ನಾನು ಸೊನ್ನೆ ಅನ್ನುತ್ತೇನೆ. ಅವಳು ಬರೆದುಕೊಳ್ಳುತ್ತಾಳೆ.

ಅವಳ ಟೈಮು ಯಾಕೆ ಹಾಳು ಅಂತ ಹಳೆಯ ಪಟ್ಟಿಯನ್ನು ಅವಳು ಬರುವ ಮುಂಚೆ ನಾನೇ ತೆಗೆದಿಟ್ಟಿರುತ್ತೇನೆ. ತುದಿ ಹಿಡಿದು ಒಂದೇ ಎಳೆತ. ನಿನ್ನಕ್ಕ ಚಾಮುಂಡಿಗೆ, ಅವಳಿರುವ ತನಕ, ಎಂಟು ತಿಂಗಳು ನಾನೇ ಮಾಡಲಿಲ್ಲವೇ. ಸೊಂಟ ಮುರಿದು ಮಲಗಿದವಳ ಬೆನ್ನ ಹುಣ್ಣಿಗೆ ದಿನಾ ಬೆಳಿಗ್ಗೆ ಒಂದೇ ಎಳೆತ. ಬಟ್ಟೆಗೆ ತೆಳ್ಳಗೆ ಬಿಳೀ ಪೊರೆಯಂಥ ಕೊಳೆ ಅಂಟಿಕೊಂಡು ಬರುತ್ತಿತ್ತು, ಅವಳಿಗೂ ತೋರಿಸುತ್ತಿದ್ದೆ, ನೋಡು ಎಷ್ಟು ಕ್ಲೀನಾಯಿತು ಅಂತ. ಒಂದು ದಿನ ಅಮ್ಮಾ ಅಂದವಳಲ್ಲ ನಿನ್ನಕ್ಕ. ವಾಸನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು, ಅಷ್ಟೇ. ಅವಳಿಗೇ ಆಗದ ನೋವು ಈ ಗಂಡಸಿಗೆ ಆಗುತ್ತದೆಯೇ.

ಟು ಬಿ ಫ್ರ್ಯಾಂಕ್, ತಾಳ್ಮೆ ನಮ್ಮ ಕಸುಬಿನಲ್ಲೇ ಇದೆ. ಲಷ್ಕರ್ ಮೊಹಲ್ಲಾದ ಅಂಗಡಿಗೆ ವಕೀಲರು ನೂರು ವರ್ಷದ ಪುಸ್ತಕ ತರುತ್ತಿದ್ದರು. ಬೆನ್ನಿನ ಹಳೆಯ ಬಟ್ಟೆ ಒಣಗಿ ಕಚ್ಚಿರುತ್ತಿತ್ತು. ಒದ್ದೆ ಸ್ಪಂಜು ಇಟ್ಟು ಕಾಯುವುದು, ಟೀ ಕುಡಿದು ಬರುವುದು, ಮತ್ತೆ ಕಾಯುವುದು. ಒಂದು ಹಾಳೆ ಹರಿದದ್ದು ತೋರಿಸಿ ಅನ್ನುತ್ತಿದ್ದೆ ನಾನು.

ನಿನ್ನ ಭಾವ,
ಚೆಲುವಯ್ಯ


ಬೀದರ್
10 ಜೂನ್ 2024

ಭಾವ,

ನಿಮ್ಮ ಕಾಗದ ಬಂತು. ಮೂವತ್ತೊಂದು ವರ್ಷ ವಾರ್ಡಿನಲ್ಲಿದ್ದವಳು, ವಾಸನೆಯ ವರ್ಣನೆ ನನಗೆ ಬೇಡ. ಎರಡು ಮಾತು ಹೇಳುತ್ತೇನೆ, ಕೇಳಿ.

ಒಣಗಿದ ಪಟ್ಟಿಯನ್ನು ನೀವು ಮುಟ್ಟಬೇಡಿ. ಆ ಹುಡುಗಿ ಬರಲಿ, ಉಪ್ಪುನೀರು ಬಿಟ್ಟು ನೆನೆಸಿ ಅವಳೇ ತೆಗೆಯಲಿ. ನೋವಿನ ಮಾತ್ರೆ ಅರ್ಧ ಗಂಟೆ ಮುಂಚೆಯೇ ನುಂಗಬೇಕು, ಆಮೇಲೆ ನುಂಗಿದರೆ ಏನೂ ಪ್ರಯೋಜನವಿಲ್ಲ.

ಎರಡನೆಯದು, ಸೊನ್ನೆ ಅನ್ನುವುದು ನಿಜವೇ. ನಿಜವಾದರೆ ನರ ಸತ್ತಿದೆ ಅಂತ ಅರ್ಥ, ಡಾಕ್ಟರಿಗೆ ಹಾಗೇ ಹೇಳಿ. ಸುಳ್ಳಾದರೆ ಅವರು ನಿಮ್ಮ ಸೊನ್ನೆಯನ್ನು ನಂಬಿ, ಮರಗಟ್ಟಿಸದೆ ಕೆರೆಯುತ್ತಾರೆ.

ಅಕ್ಕನ ವಿಷಯ ಈಗ ಬೇಡ.

ಬೀರಮ್ಮ


ಮೈಸೂರು
16 ಜೂನ್ 2024

ಬೀರಮ್ಮ,

ನೀರು ಬಿಡುವುದು ಅಂದರೇನು. ಚಾಮುಂಡಿಯನ್ನು ಮನೆಗೆ ಕಳಿಸುವ ದಿನ ಆಸ್ಪತ್ರೆಯಲ್ಲಿ ಹೇಳಿದ್ದರು, ಗಾಯಕ್ಕೆ ನೀರು ಸೋಕಬಾರದು, ಒಣಗಬೇಕು ಅಂತ. ಎಂಟು ತಿಂಗಳು ಒಂದು ಹನಿ ಸೋಕಿಸಿದವನಲ್ಲ ನಾನು. ಈಗ ನೀನು ಉಪ್ಪುನೀರು ಅನ್ನುತ್ತೀಯ. ಉಪ್ಪು ಹಾಕುವುದು ಮಾವಿನಕಾಯಿಗೆ.

ನರ ಸತ್ತಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು. ಮೊನ್ನೆ ಆ ಹುಡುಗಿ ಚಿಮಟ ಹಿಡಿದು ಅಂಚು ಕೆರೆದಾಗ ನನಗೆ ಮಂಚದ ಕಬ್ಬಿಣ ಬಾಯಿಗೆ ಬಂದಂತಾಯಿತು. ಆದರೂ ಕೇಳಿದಾಗ ಸೊನ್ನೆ ಅಂದೆ. ಅವಳು ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು. "ಮುಖ ನೋಡುದ್ರೆ ಎಂಟು ಅಂತದೆ, ಬಾಯಿ ಸೊನ್ನೆ ಅಂತದೆ. ನಾನು ಬಾಯ್ನೇ ಬರ್ಕೋಬೇಕು ಕಣ್ರೀ ಅಪ್ಪಾಜಿ." ಮೊಮ್ಮಗಳ ವಯಸ್ಸು. ಅವಳ ಗ್ಲೌಸಿನ ಬೆರಳಿಗೆ ನನ್ನ ಕೀವು ಹತ್ತಿತ್ತು, ಹಳದಿ, ಎಳೆ ಎಳೆ. ನನ್ನ ಮೈಯಿಂದ ಇಂಥದ್ದು ಬರುತ್ತದೆ, ಅದನ್ನು ಒಬ್ಬಳು ಪರಕೀಯ ಹೆಣ್ಣುಮಗಳು ಒರೆಸುತ್ತಾಳೆ, ಒರೆಸಿ ನಗುತ್ತಾಳೆ. ವಾಕರಿಕೆ ಬಂತು, ಅವಳ ಮೇಲಲ್ಲ. ನಾನು ತೆಗೆದಿಟ್ಟ ಪಟ್ಟಿಯನ್ನು ಅವತ್ತು ಮೊದಲ ಸಲ ಎತ್ತಿ ನೋಡಿ, "ಇದನ್ನ ಯಾರು ಕಿತ್ತಿದ್ದು? ದಿನಾ ರಕ್ತ ಯಾಕೆ ಬತ್ತದೆ ಅಂತ ನಾನು ತಲೆ ಕೆಡ್ಸ್ಕೊಂಡಿದ್ದೆ" ಅಂದಳು.

ಸಾಕು ಅನ್ನಿಸಿದೆ. ಎರಡು ವಾರ ಊರಿಗೆ ಹೋಗುತ್ತೇನೆ, ಬರಬೇಡ ಅಂತ ಅವಳಿಗೆ ಸುಳ್ಳು ಹೇಳಿದ್ದೇನೆ. ಅನು ಬೆಳಿಗ್ಗೆ ಸ್ಕೂಲಿನ ಕೆಲಸಕ್ಕೆ ಹೋದರೆ ನಾಲ್ಕಕ್ಕೆ ಬರುವುದು, ಅವಳಿಗೆ ಗೊತ್ತಾಗುವುದಿಲ್ಲ. ನನ್ನ ಕೈ ನನಗಿದೆ. ನಿನ್ನಕ್ಕನಿಗೆ ಆದದ್ದು ನನಗೂ ಆಗುತ್ತದೆ.

ಅಕ್ಕನ ವಿಷಯ ಈಗ ಬೇಡ ಅಂದರೆ ಏನು ಅರ್ಥ. ಯಾವಾಗ ಬೇಕು.

ಚೆಲುವಯ್ಯ


ಬೀದರ್
4 ಜುಲೈ 2024

ಭಾವ,

ಹದಿನೆಂಟು ದಿನದಿಂದ ಕಾಗದವಿಲ್ಲ. ಡ್ರೆಸ್ಸಿಂಗ್ ನಿಲ್ಲಿಸಿದ ಗಂಡಸರು ಮಾತು ನಿಲ್ಲಿಸುವುದನ್ನು ನಾನು ಬಹಳ ನೋಡಿದ್ದೇನೆ. ಅನುಗೆ ಬೇರೆ ಕಾಗದ ಬರೆದಿದ್ದೇನೆ, ನಿಮ್ಮ ಕಾಲು ಬಿಚ್ಚಿ ನೋಡು ಅಂತ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಬೀರಮ್ಮ


ಮೈಸೂರು
9 ಜುಲೈ 2024

ಬೀರಮ್ಮ,

ನಿನ್ನ ಕಾಗದ ಬರುವ ಮೊದಲೇ ಅನುಗೆ ಗೊತ್ತಾಗಿತ್ತು. ಹೇಗೆ ಅಂತ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ, ನಿನಗೆ ಹೊಟ್ಟೆ ಗಟ್ಟಿ.

ಭಾನುವಾರ ಊಟಕ್ಕೆ ಕೂತಿದ್ದೆ. ಕಾಲಿನ ಹತ್ತಿರ ನೆಲದ ಮೇಲೆ ಅನ್ನದ ಅಗುಳು ಬಿದ್ದಿತ್ತು. ಮುದುಕನಾದೆ, ಚೆಲ್ಲಿಕೊಂಡು ತಿನ್ನುತ್ತೇನೆ ಅಂತ ಬಗ್ಗಿ ಎತ್ತಿಕೊಳ್ಳಲು ಹೋದೆ. ಅಗುಳು ಹೊರಳಿತು. ಪಟ್ಟಿಯ ಸಂದಿಯಿಂದ ಇನ್ನೊಂದು ತಲೆ ಎತ್ತಿ ನೋಡುತ್ತಿತ್ತು. ತಟ್ಟೆ ದೂಡಿದೆ. ಬದುಕಿರುವವನನ್ನು ಹುಳ ತಿನ್ನುವುದನ್ನು ನಾನು ಕೂತು ನೋಡಿದೆ. ಅಬಾಮಿನಬಲ್. ಇನ್ನೂ ದೊಡ್ಡ ಪದಗಳು ಕಲಿಸಿದ್ದರು, ಯಾವುದೂ ಸಾಲುವುದಿಲ್ಲ.

ಅನು ಅಳಲಿಲ್ಲ. ವರ್ಷಿಣಿಗೆ ಫೋನು ಮಾಡಿದಳು. "ಅಪ್ಪ, ಊರಿಗೆ ಹೋಗಿದ್ರಂತೆ, ಯಾವೂರಿಗೆ?" ಅಂದಳು, ಆಟೋ ಕರೆದಳು.

ಪವಮಾನ ಡಾಕ್ಟರು ಬಿಚ್ಚಿ ನೋಡಿ ಮೂಗಿಗೆ ಮಾಸ್ಕು ಸರಿ ಮಾಡಿಕೊಂಡರು. ಎರಡನೇ ಬೆರಳು ಕಪ್ಪಾಗಿದೆ, ಹೋಗಬಹುದು ಅಂದರು. ಪಾದದ ಮಾತು ಆಮೇಲೆ. ಫೈಲು ತಿರುಗಿಸಿದರು. ಪುಟದ ತುಂಬ ವರ್ಷಿಣಿ ಬರೆದ ಸೊನ್ನೆಗಳು, ಸಾಲಾಗಿ, ಮಗ್ಗಿ ಬರೆದ ಹಾಗೆ. "ನೋವಿಲ್ವಲ್ಲ, ಹಂಗಾದ್ರೆ ಇಲ್ಲೇ ಕ್ಲೀನ್ ಮಾಡ್ಬುಡ್ತೀನಿ" ಅಂದರು. ನಾನೇ ಬರೆಸಿದ ಸೊನ್ನೆ, ಯಾರನ್ನು ಅನ್ನಲಿ. ಮಾಡಲಿ ಅಂದೆ. ಹೆಗಲ ಮೇಲಿದ್ದ ಟವಲು ಬಾಯಿಗೆ ತುರುಕಿಕೊಂಡೆ, ಗೋಡೆ ಕಡೆ ತಿರುಗಿದೆ.

ಮನೆಗೆ ಬಂದ ಮೇಲೆ ಟವಲು ಒಗೆಯಲು ತೆಗೆದುಕೊಂಡ ಅನು, "ಇದೇನಪ್ಪ, ಇಲಿ ಕಚ್ಚಿದೆ" ಅಂದಳು. ಮೂಲೆಯಲ್ಲಿ ಸಾಲು ತೂತು, ದಾರ ಜಗಿದು ಮೆತ್ತಗಾಗಿದೆ. ನನ್ನ ಹಲ್ಲಿನ ತೂತು.

ಬೀರಮ್ಮ, ಚಾಮುಂಡಿ ಮಲಗಿದ್ದ ವರ್ಷ ಅವಳ ಮೂರು ಸೀರೆಯ ಸೆರಗನ್ನು ಇಲಿ ಕಡಿದಿತ್ತು. ದೇವರಾಜ ಮಾರ್ಕೆಟ್ಟಿನಿಂದ ನಾನೇ ಬೋನು ತಂದೆ. ಬೋಂಡ ಸಿಕ್ಕಿಸಿ ಇಟ್ಟೆ. "ಹೌದು ಕಣ್ರೀ, ಇಲೀನೇ. ರಾತ್ರಿ ಎಲ್ಲಾ ಸದ್ದು ಮಾಡ್ತದೆ" ಅಂದಳು ಅವಳು, ಮಲಗಿದ ಕಡೆಯಿಂದಲೇ. ಬೋನಿಗೆ ಒಂದು ಇಲಿಯೂ ಬೀಳಲಿಲ್ಲ. ಬೋಂಡ ದಿನಾ ನಾನೇ ಬದಲಾಯಿಸುತ್ತಿದ್ದೆ, ಬುದ್ಧಿವಂತ ಇಲಿ ಅಂತ ಅವಳ ಮುಂದೆ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು.

ನಿನ್ನೆ ಟ್ರಂಕು ತೆಗೆದೆ. ಅದರಲ್ಲಿ ಉಳಿದ ಬಟ್ಟೆ ಯಾವುದಕ್ಕೂ ಏನೂ ಆಗಿಲ್ಲ. ಮೂರೇ ಸೀರೆ, ಮೂರರಲ್ಲೂ ಸೆರಗಿನ ಒಂದೇ ಮೂಲೆ. ಟವಲು ಪಕ್ಕದಲ್ಲಿಟ್ಟು ನೋಡಿದೆ. ನನಗೆ ನನ್ನ ಕೈ ನೋಡಿದರೆ ಅಸಹ್ಯವಾಗುತ್ತಿದೆ. ಕಾಲಿಗಿಂತ ಕೈ.

ನಿನಗೆ ಗೊತ್ತಿತ್ತಾ. ಹೌದು ಅಥವಾ ಇಲ್ಲ ಅಂತ ಬರೆ. ಬುದ್ಧಿ ಹೇಳಬೇಡ.

ಚೆಲುವಯ್ಯ


ಬೀದರ್
16 ಜುಲೈ 2024

ಭಾವ,

ಹೌದು.

ನಿಮ್ಮ ಕಾಗದವನ್ನು ಮೂರು ದಿನ ದೇವರ ಗೂಡಿನಲ್ಲಿಟ್ಟು ಸುತ್ತಾಡಿದೆ. ಬುದ್ಧಿ ಹೇಳುತ್ತಿಲ್ಲ, ನಡೆದದ್ದು ಹೇಳುತ್ತೇನೆ.

ಆ ವರ್ಷ ಆಷಾಢದಲ್ಲಿ ಅಕ್ಕ ನನಗೊಂದು ಕಾಗದ ಬರೆದಳು, ಅನು ಕೈಲಿ ಪೋಸ್ಟ್ ಮಾಡಿಸಿದ್ದಳು. ಪಟ್ಟಿ ಎಳೆಯುವಾಗ ಪ್ರಾಣ ಹೋಗಿ ಬರುತ್ತದೆ ಅಂತ ಬರೆದಿದ್ದಳು. ನಿಮಗೆ ಹೇಳಬಾರದು ಅಂತ ಬೆಟ್ಟದ ತಾಯಿಯ ಮೇಲೆ ಆಣೆ ಇಟ್ಟಿದ್ದಳು. ನೋವು ಅಂತ ನಿಮಗೆ ಗೊತ್ತಾದರೆ ನಿಮ್ಮ ಕೈ ನಡುಗುತ್ತದೆ, ನೀವು ಮಾಡಲಾರಿರಿ, ಆಮೇಲೆ ಯಾರೋ ಕಾಣದವರು ಬಂದು ಅವಳ ಸೀರೆ ಸರಿಸುತ್ತಾರೆ. ಅದು ಅವಳಿಗೆ ಆ ನೋವಿಗಿಂತ ಹೆಚ್ಚಾಗಿತ್ತು. ಬೆಳಿಗ್ಗೆ ಆ ಅರ್ಧ ಗಂಟೆ ನೀವು ಅಂಗಡಿ ಬಿಟ್ಟು ಅವಳ ಹತ್ತಿರ ಕೂರುತ್ತಿದ್ದಿರಂತೆ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಹಾಗೆ ಕೂತದ್ದು ಅದೇ ಮೊದಲು ಅಂತಲೂ ಬರೆದಿದ್ದಾಳೆ.

ನಾನು ಆಣೆ ಮುರಿಯಬೇಕಿರಲಿಲ್ಲ. ನೆನೆಸಿ ತೆಗೆಯಿರಿ ಭಾವ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಯಾಕೆ ಬರೆಯಲಿಲ್ಲ ಅಂದರೆ, ನಾನೇ ನೆನೆಸಿದವಳಲ್ಲ. ಬೆಳಿಗ್ಗೆ ಎಂಟಕ್ಕೆ ಐವತ್ತು ಜನ ಸಾಲು, ನಾನೊಬ್ಬಳು, ಜತೆಗೊಬ್ಬ ಅಟೆಂಡರು. ನೆನೆಸುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಕಿತ್ತೆ. ಕಿರುಚಿದವರಿಗೆ ಸುಮ್ಮನಿರು ಅಂದೆ. ಸುಮ್ಮನಿದ್ದವರನ್ನು ಒಳ್ಳೆ ಪೇಷೆಂಟು ಅಂತ ಹೊಗಳಿದೆ. ರಿಟೈರಾಗುವ ಎರಡು ವರ್ಷ ಮುಂಚೆ ಹೊಸ ಹುಡುಗಿಯರು ಬಂದು ನೆನೆಸಿ ತೆಗೆಯುವುದನ್ನು ನೋಡಿದೆ, ನೋಡಿ ನಕ್ಕಿದ್ದೆ. ನಿಮಗೆ ಹೇಳಲು ಹೊರಟರೆ ಆ ಮುಖಗಳೆಲ್ಲ ಎದುರಿಗೆ ಬರುತ್ತಿದ್ದವು. ಹೇಳದೆ ಬಿಟ್ಟೆ. ನಿಮ್ಮ ಕೈ ಅಸಹ್ಯವಾದರೆ ನನ್ನ ಕೈ ಏನು.

ಅಕ್ಕನ ಆ ಕಾಗದ ನನ್ನ ಹತ್ತಿರ ಇದೆ. ಕಳಿಸಲೋ, ಸುಟ್ಟುಬಿಡಲೋ, ನೀವೇ ಹೇಳಬೇಕು.

ಆ ಹುಡುಗಿಯನ್ನು ವಾಪಸ್ ಕರೆಸಿ. ಕೇಳಿದರೆ ನಿಜ ಹೇಳಿ.

ಬೀರಮ್ಮ


ಮೈಸೂರು
25 ಜುಲೈ 2024

ಬೀರಮ್ಮ,

ಮತ್ತೆ ಆ ಬೆರಳಿನ ವಿಷಯ, ಅದನ್ನು ಮೊದಲು ಮುಗಿಸುತ್ತೇನೆ. ಹದಿಮೂರನೇ ತಾರೀಕು ಹೋಯಿತು. ಎಲ್ಲಿ ಹಾಕಿದಿರಿ ಅಂತ ಕೇಳಿದೆ, ಹಳದಿ ಚೀಲ ತೋರಿಸಿದರು. ಅರವತ್ತೊಂಬತ್ತು ವರ್ಷ ನನ್ನ ಜತೆ ನಡೆದದ್ದು, ಯಾರದೋ ಸಿರಿಂಜು ಹತ್ತಿಯ ಜತೆ ಬಿದ್ದಿತ್ತು. ಉಳಿದ ಪಾದಕ್ಕೆ ಡಾಕ್ಟರು ಆರು ವಾರ ಕೊಟ್ಟಿದ್ದಾರೆ. ಗುಂಡಿಯ ಮೇಲೆ ಹೊಸ ಚರ್ಮ ಕೂತರೆ ಉಳಿಯಿತು.

ನಿನ್ನ ಕಾಗದ ಬಂದ ದಿನ ನಿನ್ನನ್ನು ಬೈಯಬೇಕು ಅಂತ ಕೂತೆ. ಇಂಗ್ಲಿಷಿನಲ್ಲಿ ಬೈದರೆ ತೂಕ ಬರುತ್ತದೆ ಅಂತ ಐ ಬೆಗ್ ಟು ಸ್ಟೇಟ್ ವರೆಗೆ ಬರೆದೆ. ಮುಂದೆ ಹೋಗಲಿಲ್ಲ. ಆ ಐವತ್ತು ಜನರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು ನೋಡಿದೆ, ಪಟ್ಟಿ ಕಟ್ಟಿಸಿಕೊಳ್ಳುವವನಾಗಿ ಅಲ್ಲ, ಕೀಳುವವನಾಗಿ. ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ. ಹೊಗಳುವ ಮನಸ್ಸೂ ಇಲ್ಲ. ಅಷ್ಟಕ್ಕೆ ಬಿಡೋಣ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅನು ಫೋನು ಮಾಡಿ ವರ್ಷಿಣಿಯನ್ನು ಕರೆಸಿದಳು. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಏನ್ ಅಪ್ಪಾಜಿ, ಊರಿಂದ ಬಂದ್ಬುಟ್ರಾ? ಮಳೆ ಬೆಳೆ ಎಂಗದೆ?" ಅಂದಳು. ಅವತ್ತು ರಜ ಹಾಕಿದ್ದ ಅನು ಒಳಗೆ ನಕ್ಕದ್ದು ಕೇಳಿಸಿತು. ನಾನು ಚೆನ್ನಾಗಿದೆ ಅಂದೆ.

ಗ್ಲೌಸು ಹಾಕಿಕೊಂಡಳು, ಪೆನ್ನು ತೆಗೆದಳು, "ಎಷ್ಟು?" ಅಂದಳು. ಸೊನ್ನೆ ನಾಲಿಗೆಯ ಮೇಲೇ ಇತ್ತು. ಎದುರಿಗೆ ಕುರ್ಚಿಯ ಮೇಲೆ ಚಾಮುಂಡಿಯ ಸೀರೆ ಇಟ್ಟಿದ್ದೆ, ಟ್ರಂಕಿಗೆ ವಾಪಸ್ ಇಡುವ ಮನಸ್ಸಾಗಿರಲಿಲ್ಲ. ಎಂಟು ಅಂದೆ. ಇನ್ನೂ ಮುಟ್ಟಿಲ್ಲ, ಮುಟ್ಟುವುದು ನೆನೆಸಿಕೊಂಡರೇ ಎಂಟು ಅಂದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಬರೆದುಕೊಂಡಳು, ಚಿಮಟ ವಾಪಸ್ ಟ್ರೇಯಲ್ಲಿಟ್ಟಳು. "ಮಾತ್ರೆ ತಗೊಂಡ್ರಾ? ಇಲ್ವಾ? ತಗೊಳಿ ಮತ್ತೆ. ಅರ್ಧ ಗಂಟೆ ನಂದು ನಿಮ್ದು ಕತೆ." ಮಾತ್ರೆ ನುಂಗಿದೆ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದಳು, ಬೈಂಡಿಂಗು ಅಂದೆ. ಅವಳ ನರ್ಸಿಂಗ್ ಪುಸ್ತಕದ ಬೆನ್ನು ಕಿತ್ತುಹೋಗಿದೆಯಂತೆ, ಗಮ್ ಟೇಪು ಹಾಕಿದ್ದಾಳಂತೆ. ಗಮ್ ಟೇಪು ಹಾಕಿದವರನ್ನು ಪೊಲೀಸಿಗೆ ಹಿಡಿದುಕೊಡಬೇಕು ಅಂದೆ. ತಂದುಕೊಡುತ್ತೇನೆ ಅಂದಳು.

ಆಮೇಲೆ ಬಾಟಲಿನ ಉಪ್ಪುನೀರು ಪಟ್ಟಿಯ ಮೇಲೆ ಬಿಟ್ಟಳು. ಉರಿಯಲಿಲ್ಲ. ತಣ್ಣಗೆ ಇಳಿಯಿತು. ಎಳೆಯುತ್ತಾಳೆ ಅಂತ ಹಲ್ಲು ಕಚ್ಚಿದೆ. ಅವಳು ಕೈ ಮಡಚಿಕೊಂಡು ಕೂತಳು. ಇನ್ನಷ್ಟು ನೀರು ಬಿಟ್ಟಳು, ಮತ್ತೆ ಕೂತಳು. ಬಟ್ಟೆಯ ಬಣ್ಣ ಕಪ್ಪಾಗಿ, ಅಂಚು ತಾನಾಗಿ ಸಡಿಲವಾಗಿ ಎದ್ದಿತು. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು ಬೀರಮ್ಮ. ಎಷ್ಟು ಹೊತ್ತು ಬೇಕು, ಯಾವ ಮೂಲೆ ಮೊದಲು ಬಿಡುತ್ತದೆ, ಎಲ್ಲ ಗೊತ್ತು. ನಲವತ್ತು ವರ್ಷ ಅದನ್ನೇ ಮಾಡಿದವನು. ವಕೀಲರ ಪುಸ್ತಕದ ಒಂದು ಹಾಳೆ ಹರಿಯದ ಹಾಗೆ ಟೀ ಕುಡಿದು ಬರುವಷ್ಟು ಕಾದವನು. ಎಂಟು ತಿಂಗಳು, ಇನ್ನೂರ ನಲವತ್ತು ಬೆಳಿಗ್ಗೆ, ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಒಣಗಿದ್ದನ್ನು ಕಿತ್ತು, ಅಂಗಡಿಗೆ ಹೋಗಿ ಸ್ಪಂಜು ನೆನೆಸುತ್ತಿದ್ದೆ.

ಪಟ್ಟಿ ಬಂತು. ಬಂದದ್ದೇ ಗೊತ್ತಾಗಲಿಲ್ಲ. ಗುಂಡಿಯ ಅಂಚಿನಲ್ಲಿ ತೆಳ್ಳಗೆ, ಬೆಳ್ಳಗೆ, ಬಟರ್ ಪೇಪರಿನಂಥ ಪೊರೆ. "ಅದೊಂಚೂರು ಕೊಳೆ ಉಳ್ಕೊಂಡಿದೆ, ತೆಗೀಮ್ಮ" ಅಂದೆ.

ಅವಳು ತಲೆ ಎತ್ತಿದಳು. "ಕೊಳೆ ಅಲ್ಲ ಕಣ್ರೀ ಅಪ್ಪಾಜಿ. ಅದೇ ಹೊಸ ಚರ್ಮ. ಅದನ್ನೇ ನೀವು ದಿನಾ ಕಿತ್ತಾಕ್ತಿದ್ದಿದ್ದು."

ನೋಡು ಎಷ್ಟು ಕ್ಲೀನಾಯಿತು ಅಂತ ಚಾಮುಂಡಿಗೆ ಎತ್ತಿ ತೋರಿಸುತ್ತಿದ್ದೆ. ಅವಳು ನೋಡಿ ತಲೆಯಾಡಿಸುತ್ತಿದ್ದಳು.

ವರ್ಷಿಣಿಗೆ, ವಾಂತಿ ಬರುವ ಹಾಗಿದೆ, ಬಕೀಟು ಕೊಡು ಅಂದೆ, ಕೊಟ್ಟಳು, ಬೆನ್ನು ಸವರಿದಳು. ಮಾತ್ರೆಯ ಉಷ್ಣ ಅಂದುಕೊಂಡಳು ಅಂತ ಕಾಣುತ್ತದೆ. ಹೋಗುವಾಗ ಈಗ ಎಷ್ಟು ಅಂತ ಇನ್ನೊಂದು ಸಲ ಕೇಳಿದಳು. ಕಾಲಿಗೆ ಎರಡು ಅಂದೆ, ನಿಜವೇ ಹೇಳಿದೆ. ಕಾಲಿಗೆ ಮಾತ್ರ.

ಅದು ನಿನ್ನೆಯ ಮಾತು. ನಾಳೆ ಮತ್ತೆ ಹನ್ನೊಂದಕ್ಕೆ ಬರುತ್ತಾಳೆ. ಹತ್ತೂವರೆಗೆ ಮಾತ್ರೆ ನುಂಗಲು ಅನು ಫೋನಿನಲ್ಲಿ ಗಂಟೆ ಇಟ್ಟುಕೊಟ್ಟಿದ್ದಾಳೆ. ಪಟ್ಟಿ ಮುಟ್ಟುವುದಿಲ್ಲ. ಕೈ ಅತ್ತ ಹೋಗುತ್ತದೆ, ಹಳೆಯ ಚಾಳಿ, ಅದಕ್ಕೇ ಕೈಗೆ ಪೆನ್ನು ಕೊಟ್ಟು ನಿನಗೆ ಬರೆಯುತ್ತಾ ಕೂತಿದ್ದೇನೆ.

ಕಾಗದ ಕಳಿಸಲೋ ಸುಡಲೋ ಅಂತ ಕೇಳಿದ್ದೀಯ. ಅವಳು ಬದುಕಿದ್ದಾಗ ಎಷ್ಟು ಅಂತ ನಾನು ಒಂದು ದಿನ ಕೇಳಲಿಲ್ಲ. ಅವಳು ನಿನಗೆ ಹೇಳಿದ್ದಾಳಲ್ಲ, ಅದನ್ನು ಓದುತ್ತೇನೆ. ಓದಿದರೆ ನನಗೆ ಎಷ್ಟಾಗುತ್ತದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಹತ್ತು. ಕಳಿಸು.

ಸೀರೆ ತೊಡೆಯ ಮೇಲಿದೆ. ಸೆರಗಿನ ತೂತು ಬೆರಳಿಗೆ ಸಿಗುತ್ತಿದೆ, ಕಣ್ಣಿಗೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.

ಚೆಲುವಯ್ಯ